ಭಂಗಾರವೂ ಅಲ್ಲ, ಬಂಗಾರವೂ ಅಲ್ಲ

ಬೀದರ್ ಕಡೆ ಗುಜರಿಗೆ ಭಂಗಾರ ಅಂತಾರೆ. ಮಹಾಪ್ರಾಣ ಜಾರಿದರೆ ಅದೇ ಬಂಗಾರ. ಅಜ್ಜನ ಕಾಲದ ಕೈತಿರುವಿನ ಚಪ್ಪಲಿ ಮಷಿನ್ ಅಟ್ಟದಿಂದ ಕೆಳಗಿಳಿದಾಗ ಮನೆಮಂದಿ ಈ ಎರಡು ಮಾತಿನ ನಡುವೆ ತೂಗಾಡುತ್ತಾರೆ. ಒಬ್ಬ ಕಿಲೋ ಲೆಕ್ಕಕ್ಕೆ ಹಾಕಿಬಿಡೋಣ ಅಂತಾನೆ, ಇನ್ನೊಬ್ಬ ಲಕ್ಷಕ್ಕೆ ಒಂದು ರೂಪಾಯಿ ಕಡಿಮೆಯಾದರೂ ಕೊಡಬ್ಯಾಡ ಅಂತಾನೆ. ಬೀದರ್ ಪಕ್ಕದ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮುಂದೆ ಕಾಯುತ್ತ ನಿಂತಾಗ, ಭಾಲ್ಕಿ, ಔರಾದ ಸಂತೆಗಳಲ್ಲಿ ಹಳೆ ಕಬ್ಬಿಣ ಕೆದಕುವಾಗ ಕಿವಿಗೆ ಬಿದ್ದ ಮಾತುಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

"ಇದು ಸೋಲ್ ಹೊಲಿಯೋ ಮಷಿನ್ ಅದ ನೋಡ್ರಿ"

ಹೆಚ್ಚಿನ ಸಲ ಅಲ್ಲ. ಆನೆಯ ಸೊಂಡಿಲಿನಂತೆ ಸಪೂರ ತೋಳು ಚಾಚಿದ ಮಷಿನ್ ಸಾಮಾನ್ಯವಾಗಿ ಸಿಂಗರ್ 29ಕೆ, ಇಲ್ಲವೇ ಅದರ ನಕಲು. ಅದಕ್ಕೆ ಪ್ಯಾಚರ್ ಎಂದು ಹೆಸರು. ತೇಪೆ ಹಾಕುವುದು ಅದರ ಕಸುಬು. ಬೂಟಿನ ಮೇಲ್ಭಾಗ ಹರಿದರೆ, ಚಪ್ಪಲಿಯ ಪಟ್ಟಿ ಕಿತ್ತರೆ, ಶಾಲೆ ಚೀಲದ ಹಿಡಿಕೆ ಬಿಚ್ಚಿದರೆ ಅದರ ಕೆಲಸ ಶುರು. ದಪ್ಪ ಚರ್ಮದ ಅಟ್ಟೆಯನ್ನು ಅದರ ಕೆಳಗಿಟ್ಟು ಹಿಡಿಕೆ ತಿರುವಿದರೆ ಸೂಜಿ ಮುರಿಯುತ್ತದೆ. ಸೂಜಿ ಗಟ್ಟಿಯಿದ್ದರೆ ಒಳಗಿನ ಗೇರಿನ ಹಲ್ಲು ಸವೆಯುತ್ತದೆ.

ಪ್ಯಾಚರ್‌ನ ಜಾಣತನವೆಲ್ಲ ಅದರ ಪಾದದಲ್ಲಿದೆ. ಮನೆಯ ಹೊಲಿಗೆ ಮಷಿನ್‌ನಲ್ಲಿ ಬಟ್ಟೆಯನ್ನು ಕೆಳಗಿನ ಹಲ್ಲು ತಳ್ಳುತ್ತದೆ. ಇಲ್ಲಿ ಕೆಳಗೆ ಹಲ್ಲೇ ಇಲ್ಲ, ಮೇಲಿನ ಪಾದವೇ ಚರ್ಮವನ್ನು ಕಚ್ಚಿ ಎಳೆದುಕೊಂಡು ಹೋಗುತ್ತದೆ. ಆ ಪಾದವನ್ನು ಸುತ್ತಲೂ ತಿರುಗಿಸಬಹುದು, ಹಾಗಾಗಿ ಹೊಲಿಗೆ ಹಿಂದಕ್ಕೆ, ಮುಂದಕ್ಕೆ, ಅಡ್ಡಕ್ಕೆ ಎತ್ತ ಬೇಕಾದರೂ ಸಾಗುತ್ತದೆ. ಬೂಟಿನೊಳಗೆ ತೋಳು ತೂರಿಸಿದ ಮೇಲೆ ಬೂಟನ್ನು ತಿರುಗಿಸಲು ಜಾಗ ಎಲ್ಲಿ? ಅದಕ್ಕೇ ಪಾದ ತಿರುಗುತ್ತದೆ. ಉದ್ದ ತೋಳಿನ ಮಾದರಿಗಳಲ್ಲಿ ತೋಳು ಸುಮಾರು 18 ಇಂಚು. ಮೊಣಕಾಲುದ್ದದ ಬೂಟಿನ ಬೆರಳ ತುದಿಯವರೆಗೂ ಕೈ ಹಾಕಿದಂತೆ.

ಹಾಗಾದರೆ ನಿಜವಾದ ಸೋಲ್ ಮಷಿನ್ ಯಾವುದು? ಮೊದಲು ಸೂಜಿ ನೋಡಿ. ಪ್ಯಾಚರ್ ಸೂಜಿಗೆ ತುದಿಯಲ್ಲಿ ಕಣ್ಣಿರುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಯುಂಕರ್ ಉಂಡ್ ರೂ ಕಂಪನಿಯ ಕೈತಿರುವಿನ ಸೋಲ್ ಮಷಿನ್‌ನಂಥವುಗಳ ಸೂಜಿಗೆ ಕಣ್ಣೇ ಇಲ್ಲ, ಕೊಕ್ಕೆ ಇದೆ. ತೂತು ಕೊರೆಯಲು ಬೇರೆ ಮೊನೆ, ದಾರಕ್ಕೆ ಮೇಣ ಹಿಡಿಸುವ ಬಟ್ಟಲು, ಎರಡಾಳು ಎತ್ತಬೇಕಾದ ಎರಕದ ಮೈ. ಕೊಕ್ಕೆಸೂಜಿ ಅಟ್ಟೆಯೊಳಗೆ ಹೋಗಿ ದಾರ ಹಿಡಿದು ಕುಣಿಕೆ ಎಳೆದು ತರುತ್ತದೆ, ಆ ಕುಣಿಕೆಯೊಳಗೆ ಶಟಲ್ ಎಂಬ ಲಾಳಿಯ ದಾರ ಹಾಯುತ್ತದೆ.

ಈ ಆಟವನ್ನು ನೀವು ನೋಡಿದ್ದೀರಿ. ಬಸ್ ಸ್ಟ್ಯಾಂಡ್ ಎದುರು ಛತ್ರಿ ಕೆಳಗೆ ಕೂತ ಸಮಗಾರರು ಆರಿ ಚುಚ್ಚಿ, ಅದರ ಕೊಕ್ಕೆಗೆ ಕೆಳಗಿನ ದಾರ ಸಿಕ್ಕಿಸಿ ಮೇಲೆಳೆದು, ಬಂದ ಕುಣಿಕೆಯೊಳಗೆ ಇನ್ನೊಂದು ತುದಿ ತೂರಿಸಿ ಜಗ್ಗುತ್ತಾರಲ್ಲ, ಅದೇ. ಜರ್ಮನ್ನರು ಮಾಡಿದ್ದು ಆರಿಗೆ ಚಕ್ರ, ಹಿಡಿಕೆ ಕೂಡಿಸಿದ್ದು ಎಂದು ನಾನಂತೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಬಸವಕಲ್ಯಾಣದ ನೆನಪಿನಲ್ಲಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದ ಕಥೆ ಇಂದಿಗೂ ಉಳಿದಿದೆ. ಆರಿ, ರಂಪಿಗೆಗಳ ಕಸುಬು ಇಲ್ಲಿ ಅಷ್ಟು ಹಳೆಯದು. ಪಟ್ಟಿ ಚಪ್ಪಲಿಗೆ ಅವೇ ಸಾಕು, ಅಷ್ಟು ಭಾರದ ಮಷಿನ್ ಇಲ್ಲಿಗೆ ಯಾಕೆ ಬರಬೇಕಿತ್ತು? ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರದ ಪಾಲೂ ಇರುವ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಯನ್ನಂತೂ ಸಂಪ್ರದಾಯದಂತೆ ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಅದು ಯಾವ ಮಷಿನ್‌ಗೂ ಬಗ್ಗುವುದಿಲ್ಲ.

"29 ಬರ್ದಾರ, ಅಂದ್ರ 1929ರದು"

29 ಎನ್ನುವುದು ಮಾದರಿಯ ಸಂಖ್ಯೆ. ಪಕ್ಕದ ಕೆ ಅಕ್ಷರ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯದು. ಆ ಕಾರ್ಖಾನೆ 1885ರ ಸುಮಾರಿಗೆ ಶುರುವಾಗಿ 1980ರಲ್ಲಿ ಮುಚ್ಚಿತು. ವಯಸ್ಸು ಬೇಕಾದರೆ ಎರಕದ ಮೈಮೇಲೆ ಒತ್ತಿರುವ ಸೀರಿಯಲ್ ನಂಬರ್ ಹುಡುಕಿ. ಎಣ್ಣೆ ಮತ್ತು ಹತ್ತಿಯಿಂದ ಒರೆಸಿದರೆ ಕಾಣುತ್ತದೆ. 1900ಕ್ಕಿಂತ ಹಿಂದಿನವಕ್ಕೆ ಬರೀ ಅಂಕಿ, ಆಮೇಲಿನವಕ್ಕೆ ಮುಂದೆ ಅಕ್ಷರ. 1920ರ ದಶಕದಲ್ಲಿ ಕ್ಲೈಡ್‌ಬ್ಯಾಂಕ್‌ನ ಮಷಿನ್‌ಗಳಿಗೆ ವೈ ಅಕ್ಷರ ಬಂತು, 1935ರಿಂದ ಇ ಜೊತೆ ಇನ್ನೊಂದು ಅಕ್ಷರ. ಇದರಿಂದ ಸಿಗುವ ತಾರೀಕು ಕಂಪನಿ ನಂಬರ್ ಹಂಚಿದ್ದು, ನಿಮ್ಮ ಅಜ್ಜ ಕೊಂಡದ್ದಲ್ಲ.

ಸಿಂಗರ್ ಎಂಬ ಅಕ್ಷರ ಕಂಡ ಮಾತ್ರಕ್ಕೂ ನಂಬಬೇಡಿ. ಸ್ಟಿಕರ್‌ಗೆ ಎಷ್ಟು ಬೆಲೆ? ಈಗ ಚೀನಾದಿಂದ ಬರುವ ಕೈತಿರುವಿನ ಪ್ಯಾಚರ್‌ಗಳು ಅದೇ ಮೈಕಟ್ಟಿನವು, ಆದರೆ ಎರಕದ ಅಂಚು ಉಜ್ಜದೆ ಬಿಟ್ಟಿರುವುದರಿಂದ ಬೆರಳಿಗೆ ತರಚುತ್ತವೆ. ಸಿಂಗರ್‌ನ ಸ್ಕ್ರೂಗಳ ಸುತ್ತು ಅದರದೇ ಅಳತೆ. ಬೋಲ್ಟ್ ಅಂಗಡಿಯ ಮಿಲಿಮೀಟರ್ ಸ್ಕ್ರೂ ಸಲೀಸಾಗಿ ಕೂತರೆ ಅನುಮಾನಪಡಿ. ಒತ್ತಾಯದಿಂದ ಕೂಡಿಸಿದರೆ ಮಾತ್ರ ಅನುಮಾನಕ್ಕೂ ಜಾಗವಿಲ್ಲ, ತೂತೇ ಕೆಟ್ಟಿತು.

"ಒಳಗ ಕೆಂಪು ಪಾದರಸ ಅದಂತ"

ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ, ಕೆಂಪು ಪಾದರಸ ಎಂಬ ಭಾರೀ ಬೆಲೆಯ ವಸ್ತು ಒಳಗಿದೆ ಎಂಬ ಗಾಳಿಮಾತು ಹಬ್ಬಿ, ಹಳೆ ಸಿಂಗರ್ ಮಷಿನ್‌ಗಳಿಗೆ ಸಾವಿರಗಟ್ಟಲೆ ರಿಯಾಲ್ ಕೂಗಿದರು. ಸೂಜಿಯ ಹತ್ತಿರ ಮೊಬೈಲ್ ಹಿಡಿದು, ಲೈನ್ ಕಟ್ಟಾದರೆ ಪಾದರಸ ಇದೆ ಎಂದು ಪರೀಕ್ಷೆ ಬೇರೆ! ಒಳಗಿರುವುದು ಎರಕದ ಕಬ್ಬಿಣ, ಉಕ್ಕು ಮತ್ತು ಐವತ್ತು ವರ್ಷದ ದಾರದ ಚೂರು. ನಿಮ್ಮ ಮಷಿನ್ ಬೆಲೆ ಅದು ಹೊಲಿಯುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

"ಪಾಲಿಶ್ ಪೇಪರ್ ಹಚ್ಚಿ ತಿಕ್ಕಿ, ಕರಿ ಬಣ್ಣ ಹೊಡದ್ರ ಹೊಸದು"

ನಾನೂ ಹೀಗೇ ಮಾಡಿದ್ದೆ, ಮೊದಲ ಮಷಿನ್‌ಗೆ. ಸ್ಪ್ರೇ ಹೊಡೆದು ಹೊಳೆಯಿಸಿ ಅಕ್ಕಪಕ್ಕದವರಿಗೆ ತೋರಿಸಿದೆ. ತಿಂಗಳಲ್ಲಿ ಹಿಡಿಕೆ ಬಿಗಿಯಾಯಿತು. ಎಣ್ಣೆ ಬಿಡುವ ಸಣ್ಣ ತೂತುಗಳನ್ನೆಲ್ಲ ಬಣ್ಣದಿಂದ ನಾನೇ ಮುಚ್ಚಿದ್ದೆ. ಸೂಜಿ ಹಿಡಿದು ಒಂದೊಂದೇ ಬಿಡಿಸುವಷ್ಟರಲ್ಲಿ ಆ ಹೊಳಪಿನ ಮೇಲಿನ ಪ್ರೀತಿ ಹೋಗಿತ್ತು.

ಹಳೆಯ ಕರಿ ಮೆರುಗು ಇಂದಿನ ಪೇಂಟ್ ಅಲ್ಲ. ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಲೇಪ ಅದು, ಹೊನ್ನಿನ ಚಿತ್ತಾರದ ಮೇಲೆ ತೆಳ್ಳನೆಯ ಅರಗಿನ ಪದರ. ಥಿನ್ನರ್, ಸ್ಪಿರಿಟ್ ತಾಗಿದರೆ ಆ ಪದರ ಅಂಟಂಟಾಗಿ ಚಿತ್ತಾರದ ಜೊತೆ ಬಟ್ಟೆಗೆ ಬರುತ್ತದೆ. ಹೊಲಿಗೆ ಮಷಿನ್ ಎಣ್ಣೆ ಹಚ್ಚಿ ರಾತ್ರಿ ಬಿಟ್ಟು ಬೆಳಿಗ್ಗೆ ಮೆತ್ತಗೆ ಒರೆಸಿ, ಮತ್ತೆ ಹಚ್ಚಿ. ನಾಲ್ಕು ದಿನ ಹಿಡಿಯುತ್ತದೆ. ತುಕ್ಕು ತಿಕ್ಕುವುದು ಬಣ್ಣವಿಲ್ಲದ ಬರಿ ಉಕ್ಕಿನ ಭಾಗಗಳಿಗೆ ಮಾತ್ರ. ಎಲ್ಲಕ್ಕಿಂತ ಮೊದಲು, ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ.

"ಜಾಮ್ ಆಗ್ಯಾದ, ಜೋರ್ ಹಚ್ಚಿ ತಿರುವ್ರಿ"

ತಿರುವಬೇಡಿ. ತೋಳಿನೊಳಗೆ ಶಟಲ್ ಓಡಿಸುವ ಹಲ್ಲುಪಟ್ಟಿ ಇದೆ, ಜೋರು ಹಚ್ಚಿದರೆ ಮುರಿಯುವುದು ಅದೇ. ಶಟಲ್ ಜಾಗದಲ್ಲಿ ದಾರ ಸಿಕ್ಕಿರಬಹುದು, ಚಿಮುಟದಿಂದ ತೆಗೆಯಿರಿ. ಇಲ್ಲವಾದರೆ ಸಂಧಿ ಸಂಧಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬಿಟ್ಟು ಎರಡು ದಿನ ಕಾಯಿರಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಹಿಡಿಕೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಡೀಸೆಲ್ ಪೂರ್ತಿ ಒರೆಸಿ ಆರಿದ ಮೇಲೆಯೇ ಬಿಸಿಗಾಳಿ.

ಬಿಗಿಯಲು ಕಾರಣ ಅಡುಗೆಮನೆಯಲ್ಲೇ ಇರಬಹುದು. ನಮ್ಮ ಕಡೆ ಕುಸುಬಿ, ಅಗಸಿ ಎಣ್ಣೆಗೆ ಬರವಿಲ್ಲ, ಕೀಲು ಕಿರುಗುಟ್ಟಿದರೆ ಅದೇ ಎರಡು ಹನಿ. ಆದರೆ ಈ ಎರಡೂ ಗಾಳಿಗೆ ಒಣಗಿ ಪದರಗಟ್ಟುವ ಜಾತಿಯವು. ಬಣ್ಣ, ವಾರ್ನಿಶ್ ತಯಾರಿಸುವವರು ಅವನ್ನು ಬಳಸುವುದೂ ಅದಕ್ಕೇ. ಕೀಲಿಗೆ ಅದು ಎಣ್ಣೆಯಲ್ಲ, ನಿಧಾನಕ್ಕೆ ಹಿಡಿಯುವ ಗೋಂದು.

"ವೆಲ್ಡಿಂಗ್ ಮಾಡಿಸಿದ್ರ ಆಯ್ತಲ್ಲ"

ಎರಕದ ಕಬ್ಬಿಣಕ್ಕೆ ಗೇಟು, ಕಿಟಕಿಗೆ ಹಾಕುವ ರಾಡ್ ಹಚ್ಚಿದರೆ ಆರುವಾಗ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಹಿತ್ತಾಳೆ ಬೆಸುಗೆ ಅಥವಾ ನಿಕ್ಕಲ್ ರಾಡ್ ಗೊತ್ತಿದ್ದವರ ಹತ್ತಿರ ಹೋಗಿ. ಪಿನ್ನು, ಬುಶ್ ಸವೆದಿದ್ದರೆ ಲೇತ್‌ನಲ್ಲಿ ಕಡೆಸಬಹುದು. ಹಳೆಯದನ್ನು ಬಿಸಾಡದೆ ಜೊತೆಗೊಯ್ಯಿರಿ, ಬಾಯಿಮಾತಿನ ಅಳತೆಗೆ ಲೇತಿನವರು ಏನು ಮಾಡ್ಯಾರು?

"ದಾರ ಹಿಡೀತಿಲ್ಲ, ಮಷಿನ್ ಸತ್ತದ"

ಸತ್ತಿಲ್ಲ, ಸೂಜಿ ತಪ್ಪಿದೆ. ಪ್ಯಾಚರ್‌ಗೆ 29×3 ಅಥವಾ 29×4 ಎಂಬ ಸೂಜಿ ಬೇಕು. ಮೊದಲನೆಯದು ಬಟ್ಟೆಯ ಮೊನೆ, ಎರಡನೆಯದು ಚರ್ಮ ಕೊಯ್ಯುವ ಮೊನೆ. ಅಂಗಡಿಯಲ್ಲಿ ಅವು ಸಿಗದೆ ಮನೆಯ ಮಷಿನ್ ಸೂಜಿ ಸಿಕ್ಕಿಸಿದರೆ ಉದ್ದ ಹೊಂದುವುದಿಲ್ಲ. ಸೂಜಿ ಕೆಳಗಿಳಿದು ತುಸು ಮೇಲೇಳುವಾಗ ದಾರ ಕುಣಿಕೆಯಾಗುತ್ತದೆ, ಆ ಕ್ಷಣಕ್ಕೆ ಸರಿಯಾಗಿ ಶಟಲ್‌ನ ಮೂಗು ಅದರೊಳಗೆ ಹೋಗಬೇಕು. ಕೂದಲೆಳೆಯಷ್ಟು ತಪ್ಪಿದರೂ ಹೊಲಿಗೆ ಹಾರುತ್ತದೆ. ಸರಿ ಸೂಜಿ ಹಾಕಿದ ಮೇಲೂ ಹಾರಿದರೆ ಆಗ ತೋಳಿನ ಹಲ್ಲುಪಟ್ಟಿ ಸವೆದಿದೆಯೇ ನೋಡಬೇಕು.

ಇನ್ನೊಂದು ತಾಪತ್ರಯ ದಾರ ಪೋಣಿಸುವುದು. 29ಕೆಯಲ್ಲಿ ದಾರ ಹೊರಗಿನಿಂದ ಬರುವುದಿಲ್ಲ, ಸೂಜಿ ಹಿಡಿಯುವ ದಂಡದ ಟೊಳ್ಳಿನೊಳಗಿಂದ ಇಳಿಯುತ್ತದೆ. ಅದಕ್ಕೆಂದೇ ಕಂಪನಿ ಒಂದು ತಂತಿ ಕೊಡುತ್ತಿತ್ತು. ಅಟ್ಟದ ಮಷಿನ್ ಜೊತೆ ಆ ತಂತಿ ಉಳಿದದ್ದನ್ನು ನಾನು ಕಂಡಿಲ್ಲ. ಸೈಕಲ್ ಬ್ರೇಕ್ ವೈರ್ ಬಿಡಿಸಿ ಒಂದು ಎಳೆ ತೆಗೆಯಿರಿ, ತುದಿಯನ್ನು ಆರಿಯ ಕೊಕ್ಕೆಯಂತೆ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ತಳ್ಳಿ ದಾರ ಸಿಕ್ಕಿಸಿ ಎಳೆಯಿರಿ.