ತೊಟ್ಟಿ ತುಂಬಿತೆಂದು ಹೇಳುವ ದೀಪ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳದು ತೆಂಗಿನ ಸೀಮೆ. ಇಲ್ಲಿಯ ಕೊಬ್ಬರಿಗೆ ನಾಡಿನಾಚೆಯೂ ಹೆಸರಿದೆ. ಮಳೆ ಕಡಿಮೆಯಾದ ಈ ಬಯಲಿನ ಎಷ್ಟೋ ತೋಟಗಳಿಗೆ ಕೊಳವೆ ಬಾವಿಯೇ ಆಸರೆ. ನೂರಾರು ಅಡಿ ಆಳದಿಂದೆತ್ತಿದ ನೀರು ತೊಟ್ಟಿ ತುಂಬಿದ ಮೇಲೂ ಕತ್ತಲಲ್ಲಿ ಹೊರಚೆಲ್ಲಿದರೆ ನೀರೂ ವಿದ್ಯುತ್ತೂ ಒಟ್ಟಿಗೆ ಪೋಲಾಗುತ್ತವೆ. ತೊಟ್ಟಿ ತುಂಬಿತೇ ಎಂದು ನೋಡಲು ಹಾವು ಚೇಳುಗಳ ಹಾದಿಯಲ್ಲಿ ನಡುರಾತ್ರಿ ನಡೆಯುವುದೂ ಕ್ಷೇಮವಲ್ಲ. ಜಗುಲಿಯಲ್ಲೊಂದು ದೀಪ ಹೊತ್ತಿ ಈ ಸುದ್ದಿಯನ್ನು ತಿಳಿಸುವಂತಿದ್ದರೆ ಎಷ್ಟು ಅನುಕೂಲ!

ಇಂತಹ ದೀಪವನ್ನು ಟ್ರಾನ್ಸಿಸ್ಟರಿನಿಂದ ರಚಿಸಬಹುದು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಸಾಧನಕ್ಕಾಗಿ ಬಾರ್ಡೀನ್, ಬ್ರಾಟೈನ್, ಶಾಕ್ಲಿ ಎಂಬ ಮೂವರಿಗೆ 1956ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇದಕ್ಕೆ ಆಧಾರ, ಸಂಗ್ರಾಹಕ, ಉತ್ಸರ್ಜಕ ಎಂಬ ಮೂರು ಕಾಲುಗಳಿವೆ. ಕೆರೆಯ ತೂಬನ್ನು ಎತ್ತಲು ಬೇಕಾದ ಬಲ ಅಲ್ಪ. ಅದರಿಂದ ಹರಿಯುವ ನೀರು ಅಪಾರ. ಹಾಗೆಯೇ ಆಧಾರಕ್ಕೆ ಹರಿಯುವ ಅಲ್ಪ ಪ್ರವಾಹವು ಸಂಗ್ರಾಹಕದಿಂದ ಉತ್ಸರ್ಜಕಕ್ಕೆ ಹರಿಯುವ ದೊಡ್ಡ ಪ್ರವಾಹದ ದಾರಿಯನ್ನು ತೆರೆಯುತ್ತದೆ.

ಒಂದೂವರೆ ವೋಲ್ಟಿನ ನಾಲ್ಕು ಕೋಶಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟ್ ದೊರೆಯುತ್ತದೆ. ಬಿಸಿ 547 ಎಂಬ ಟ್ರಾನ್ಸಿಸ್ಟರನ್ನು ತೆಗೆದುಕೊಳ್ಳೋಣ. ಧನಧ್ರುವದಿಂದ ಒಂದು ರೋಧಕ, ಕೆಂಪು ಎಲ್‌ಇಡಿ ದೀಪ, ಸಂಗ್ರಾಹಕ ಇವು ಕ್ರಮವಾಗಿ ಬರಲಿ. ಉತ್ಸರ್ಜಕವು ಋಣಧ್ರುವವನ್ನು ಸೇರಲಿ. ದೀಪಕ್ಕೆ 10 ಮಿಲಿಆಂಪಿಯರ್ ಸಾಕು. ದೀಪದಲ್ಲಿ ಸುಮಾರು 2 ವೋಲ್ಟ್, ಪೂರ್ಣವಾಗಿ ತೆರೆದ ಟ್ರಾನ್ಸಿಸ್ಟರಿನಲ್ಲಿ ಸುಮಾರು 0.2 ವೋಲ್ಟ್ ಕಳೆದರೆ ಉಳಿಯುವುದು 3.8 ವೋಲ್ಟ್. ಇದನ್ನು 0.01 ಆಂಪಿಯರಿನಿಂದ ಭಾಗಿಸಿದರೆ 380 ಓಮ್. ಅಂಗಡಿಯಲ್ಲಿ ದೊರೆಯುವ 390 ಓಮಿನ ರೋಧಕವನ್ನು ಬಳಸಬಹುದು.

ಇನ್ನು ಆಧಾರದ ಲೆಕ್ಕ. ಈ ಟ್ರಾನ್ಸಿಸ್ಟರ್ ಪ್ರವಾಹವನ್ನು ನೂರು ಪಟ್ಟು ಹೆಚ್ಚಿಸುತ್ತದೆಂದು ಭಾವಿಸಿದರೆ 0.1 ಮಿಲಿಆಂಪಿಯರ್ ಬೇಕು. ಆದರೆ ತೂಬು ಅರೆತೆರೆಯಬಾರದು. ಆದ್ದರಿಂದ ಐದು ಪಟ್ಟು, ಎಂದರೆ 0.5 ಮಿಲಿಆಂಪಿಯರ್ ಕೊಡೋಣ. ಆಧಾರದಲ್ಲಿ ಕಳೆಯುವ 0.7 ವೋಲ್ಟನ್ನು ಬಿಟ್ಟು ಉಳಿದ 5.3 ವೋಲ್ಟಿಗೆ ಒಟ್ಟು ರೋಧ 10,600 ಓಮ್ ಆಗುತ್ತದೆ. ಇದರಲ್ಲಿ 4,700 ಓಮಿನ ರೋಧಕವನ್ನು ಆಧಾರಕ್ಕೆ ಸೇರಿಸಿ, ಮಿಕ್ಕ ಪಾಲನ್ನು ನೀರಿಗೆ ಬಿಡಬೇಕು.

ಜಗುಲಿಯಿಂದ ತೊಟ್ಟಿಗೆ ಹೋಗುವುದು ಎರಡೇ ತಂತಿ. ಧನಧ್ರುವದ ತಂತಿಗೆ ಕಟ್ಟಿದ ಉಕ್ಕಿನ ಸರಳು ತಳದವರೆಗೆ ಇಳಿದಿರಲಿ. ರೋಧಕದ ತಂತಿಗೆ ಕಟ್ಟಿದ ಸರಳು ಅದರ ಪಕ್ಕದಲ್ಲೇ, ಆದರೆ ಅದನ್ನು ಮುಟ್ಟದಂತೆ, ಅಂಚಿನ ಬಳಿ ನಿಲ್ಲಲಿ. ಲವಣ ಕರಗಿದ ನೀರು ಮೇಲಿನ ಸರಳನ್ನು ಮುಟ್ಟಿದೊಡನೆ ಪ್ರವಾಹ ಹರಿದು ದೀಪ ಹೊತ್ತುತ್ತದೆ. ದೀಪ ಮಂಕಾದರೆ ಸರಳುಗಳನ್ನು ಇನ್ನಷ್ಟು ಹತ್ತಿರ ತರಬೇಕು. ಅವು ಆಕಸ್ಮಿಕವಾಗಿ ಒಂದಕ್ಕೊಂದು ತಗುಲಿದರೂ ರೋಧಕವು ಪ್ರವಾಹವನ್ನು ಸುಮಾರು 1.1 ಮಿಲಿಆಂಪಿಯರಿಗೆ ಮಿತಗೊಳಿಸಿ ಟ್ರಾನ್ಸಿಸ್ಟರನ್ನು ಕಾಯುತ್ತದೆ.

ಈ ನೀರಿನಲ್ಲಿ ಕೈಯಿಟ್ಟರೂ 6 ವೋಲ್ಟಿನಿಂದ ಆಘಾತವಿಲ್ಲ. ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಮಾತು ಬೇರೆ. ಅಲ್ಲಿರುವ ಸುಮಾರು 400 ವೋಲ್ಟ್ ಪ್ರಾಣಾಂತಕ. ಈ ಮಂಡಲವನ್ನು ಎಂದಿಗೂ ಆ ಪೆಟ್ಟಿಗೆಗೆ ಜೋಡಿಸಬಾರದು. ದೀಪ ಹೊತ್ತಿದಾಗ ಹಿರಿಯರಿಗೆ ತಿಳಿಸಿ, ಒಣಗಿದ ಕೈಯಿಂದ ಅವರೇ ಪಂಪನ್ನು ನಿಲ್ಲಿಸುವಂತೆ ನೋಡಿಕೊಳ್ಳಬೇಕು.