ಎತ್ತಿದ ಕೈಗೆ ಜೋಮು: ಪಕ್ಕೆಲುಬಿನ ಶಸ್ತ್ರಚಿಕಿತ್ಸೆಗೆ ಮುನ್ನ ತಿಳಿದಿರಬೇಕಾದದ್ದು

ಕೊಚ್ಚಿ: ಫೋರ್ಟ್ ಕೊಚ್ಚಿಯ ಕಡಲಂಚಿನಲ್ಲಿ ಹಗ್ಗ ಜಗ್ಗಿ ಚೀನಾ ಬಲೆ ಎತ್ತುವವರನ್ನು ನೋಡಲು ದೇಶವಿದೇಶಗಳ ಜನ ಬರುತ್ತಾರೆ. ಆದರೆ ತೋಳೆತ್ತಿ ದುಡಿಯುವವರು ಅವರಷ್ಟೇ ಅಲ್ಲ. ಗೋಡೆಗೆ ಬಣ್ಣ ಬಳಿಯುವವರು, ಮೇಲಿನ ಅಟ್ಟದಿಂದ ಸರಕು ಇಳಿಸುವ ಅಂಗಡಿ ಹುಡುಗರು, ಭುಜದ ಮಟ್ಟಕ್ಕೆ ಟ್ರೇ ಎತ್ತಿ ಓಡಾಡುವ ಹೋಟೆಲ್ ಸಪ್ಲೈಯರ್‌ಗಳು ಎಲ್ಲರೂ ಇದೇ ಸಾಲಿನವರು. ಕೈ ಜೋಮು ಹಿಡಿಯುತ್ತದೆ ಎಂದರೆ ಮನೆಯಲ್ಲಿ ಸಿಗುವ ಉತ್ತರ, "ಎಣ್ಣೆ ಹಚ್ಚಿ ಮಲಗು". ಎಲ್ಲ ಜೋಮೂ ಎಣ್ಣೆಗೆ ಬಗ್ಗುವಂಥದ್ದಲ್ಲ.

ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂಬ ತೊಂದರೆ ಅಂಥದ್ದೊಂದು. ಕಾಲರ್ ಎಲುಬಿಗೂ ಎದೆಗೂಡಿನ ಮೊದಲ ಪಕ್ಕೆಲುಬಿಗೂ ನಡುವೆ ಒಂದು ಇಕ್ಕಟ್ಟಾದ ಸಂದಿ ಇದೆ. ಕೈಗೆ ಹೋಗುವ ನರಗಳು, ರಕ್ತ ಒಯ್ಯುವ ಅಪಧಮನಿ, ರಕ್ತ ತರುವ ಅಭಿಧಮನಿ ಎಲ್ಲವೂ ಈ ಸಂದಿಯಲ್ಲೇ ಹಾಯಬೇಕು. ಪೆಟ್ಟಿನಿಂದಲೋ ಒಂದೇ ಬಗೆಯ ದುಡಿಮೆಯಿಂದಲೋ ಸಂದಿ ಬಿಗಿಯಾದರೆ ಕೈ ಸೋಲುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕತ್ತಿನಲ್ಲೊಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಅವರಲ್ಲಿ ಬಹುಪಾಲು ಮಂದಿಗೆ ಅದರಿಂದ ಏನೂ ಆಗುವುದಿಲ್ಲ ಎನ್ನುವುದೂ ನಿಜ.

ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಒತ್ತಡ ಬೀಳುವುದು ನರದ ಮೇಲೆ. ಕಿರುಬೆರಳು, ಉಂಗುರ ಬೆರಳಿನ ಕಡೆ ಜೋಮು, ಕೈ ಎತ್ತಿದರೆ ನೋವು, ಹಿಡಿತ ಸಡಿಲ. ಕತ್ತಿನ ಸವೆತ, ಮಣಿಕಟ್ಟಿನ ನರದ ಒತ್ತಡ ಇವೂ ಹೆಚ್ಚುಕಡಿಮೆ ಹೀಗೇ ಕಾಣಿಸುವುದರಿಂದ ರೋಗಿ ವರ್ಷಗಟ್ಟಲೆ ಅಲೆಯುವುದುಂಟು. ನರದ ಪರೀಕ್ಷೆಯ ವರದಿ ಸರಿಯಾಗಿಯೇ ಬಂದು, "ನಿಮಗೆ ಏನೂ ಇಲ್ಲ" ಎನ್ನಿಸಿಕೊಂಡವರ ಸಂಕಟ ಬೇರೆ. ಕತ್ತಿನ ಎಕ್ಸ್‌ರೇ, ಕೈ ಎತ್ತಿ ಮಾಡುವ ಡಾಪ್ಲರ್ ಅಥವಾ ಸಿ.ಟಿ. ಸ್ಕ್ಯಾನ್, ಜತೆಗೆ ಕೈ ಮುಟ್ಟಿ ನೋಡುವ ವೈದ್ಯರ ಅನುಭವ ಎಲ್ಲವೂ ಸೇರಿ ರೋಗ ತಿಳಿಯಬೇಕು.

ರಕ್ತನಾಳ ಸಿಕ್ಕಿಕೊಂಡರೆ ಮಾತ್ರ ಕಾಯುವಂತಿಲ್ಲ. ತೋಳು ಇದ್ದಕ್ಕಿದ್ದಂತೆ ಊದಿ ನೀಲಿಗಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಬೆರಳು ತಣ್ಣಗಾಗಿ ಬಿಳಿಚಿಕೊಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ನರದ ತೊಂದರೆಗೆ ಮೊದಲ ಮದ್ದು ಕತ್ತಿಯಲ್ಲ, ಕೆಲವು ತಿಂಗಳ ಫಿಸಿಯೋಥೆರಪಿ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮಾರ್ಕೆಲ್ ಫುಲ್ಟ್ಸ್‌ಗೆ ಇದೇ ತೊಂದರೆ ಇರುವುದು 2018ರ ಡಿಸೆಂಬರಿನಲ್ಲಿ ಪತ್ತೆಯಾಯಿತು. ಫಿಸಿಯೋಥೆರಪಿ ಪಡೆದ ಅವರು 2019ರ ಅಕ್ಟೋಬರಿನಲ್ಲಿ ಅಂಗಳಕ್ಕೆ ಮರಳಿದರು. ಬೇಸ್‌ಬಾಲ್ ಆಟಗಾರ ಸ್ಟೀಫನ್ ಸ್ಟ್ರಾಸ್‌ಬರ್ಗ್ 2021ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಆಮೇಲೆ ದೊಡ್ಡ ಲೀಗಿನಲ್ಲಿ ಆಡಿದ್ದು ಒಂದೇ ಪಂದ್ಯ, 2024ರಲ್ಲಿ ನಿವೃತ್ತರಾದರು. ಚೆಂಡೆಸೆಯುವವರ ತೋಳಿನ ಲೆಕ್ಕವೇ ಬೇರೆ ಅನ್ನಿ. ಶಸ್ತ್ರಚಿಕಿತ್ಸೆಯಿಂದ ನೋವು ಇಳಿದು ಕೆಲಸಕ್ಕೆ ಮರಳಿದ ಸಾಮಾನ್ಯರು ಅನೇಕರಿದ್ದಾರೆ. ಆದರೂ ಪೂರ್ತಿ ಗುಣವಾಗುತ್ತದೆ ಎಂಬ ಖಾತರಿಯನ್ನು ಯಾವ ವೈದ್ಯರೂ ಕೊಡಲಾರರು.

ಕೊಚ್ಚಿಯವರು ಇಂಥ ಕಾಯಿಲೆಗೆ ಎರಡನೇ ಅಭಿಪ್ರಾಯ ಬೇಕೆಂದಾಗ ನೆನೆಯುವ ಹೆಸರುಗಳಲ್ಲಿ ಸುಮಾರು 200 ಕಿ.ಮೀ. ದೂರದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಒಂದು. ಎದೆ ಮತ್ತು ರಕ್ತನಾಳದ ವಿಭಾಗ, ನರವಿಭಾಗ ಎರಡೂ ಅಲ್ಲಿ ಒಂದೇ ಕಡೆ ಇವೆ. ತಿರುವಾಂಕೂರು ರಾಜಮನೆತನ ಕೊಟ್ಟ ಕಟ್ಟಡದಲ್ಲಿ ಬೆಳೆದ ಈ ಸಂಸ್ಥೆಗೆ 1980ರಲ್ಲಿ ಸಂಸತ್ತು ರಾಷ್ಟ್ರೀಯ ಮಹತ್ವದ ಸ್ಥಾನ ನೀಡಿತು. ಇದನ್ನು ಕಟ್ಟಿ ಬೆಳೆಸಿದ ಡಾ. ಎಂ.ಎಸ್. ವಲಿಯತ್ತಾನ್ ಕರಾವಳಿಯವರಿಗೂ ಪರಿಚಿತರು. ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ಅವರು 2024ರ ಜುಲೈನಲ್ಲಿ ಮಣಿಪಾಲದಲ್ಲೇ ನಿಧನರಾದರು.

ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಪಕ್ಕೆಲುಬನ್ನೋ ಹೆಚ್ಚುವರಿ ಎಲುಬನ್ನೋ ತೆಗೆದು, ಬಿಗಿದ ಸ್ನಾಯುವನ್ನು ಬಿಡಿಸುತ್ತಾರೆ. ಕಂಕುಳಿನ ಕಡೆಯಿಂದಲೋ ಕಾಲರ್ ಎಲುಬಿನ ಮೇಲಿನಿಂದಲೋ ಮಾಡುವ ಈ ಕೆಲಸ ಶ್ವಾಸಕೋಶ, ನರ, ದೊಡ್ಡ ರಕ್ತನಾಳಗಳ ಪಕ್ಕದಲ್ಲೇ ನಡೆಯುವಂಥದ್ದು. ಹಾಗಾಗಿ "ಇಂಥವು ಎಷ್ಟು ಮಾಡಿದ್ದೀರಿ ಡಾಕ್ಟರೇ?" ಎಂದು ಕೇಳಲು ಸಂಕೋಚ ಬೇಡ. ಬೀಡಿ, ಸಿಗರೇಟು ಮೊದಲೇ ಬಿಡಬೇಕು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಊರಿನಿಂದ ತರಿಸಿದ ಕಷಾಯ ಯಾವುದನ್ನೂ ಮುಚ್ಚಿಡಬಾರದು.

ಕಾಗದಪತ್ರದ ಕಡೆ ನಮ್ಮವರ ಗಮನ ಕಡಿಮೆ. ಆರೋಗ್ಯ ವಿಮೆ ಇದ್ದರೆ ಮುಂಚೆಯೇ ಇದ್ದ ಕಾಯಿಲೆಯ ಷರತ್ತು ಓದಿ, ಮುನ್ನನುಮತಿ ಪಡೆಯಬೇಕು. ಇ.ಎಸ್.ಐ. ಇರುವ ಹೋಟೆಲ್ ಕೆಲಸಗಾರರು ವಂತಿಗೆಯ ಷರತ್ತು ಪೂರೈಸಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ. 70 ರಷ್ಟು ಪಡೆಯಬಹುದು. ಬಲಗೈಯ ಬಲ ಕುಂದಿದವರ ಸಹಿ ಬದಲಾಗಿ ಚೆಕ್ ವಾಪಸಾಗುವುದೂ ಇದೆ. ಆಸ್ಪತ್ರೆಗೆ ಸೇರುವ ಮುನ್ನವೇ ಬ್ಯಾಂಕಿನಲ್ಲಿ ಮಾದರಿ ಸಹಿ ಹೊಸದಾಗಿ ಕೊಟ್ಟು, ಖಾತೆಗೆ ಮನೆಯವರ ಹೆಸರು ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತೆ ಮಾಡಿಸಿಕೊಂಡರೆ ಬಿಲ್ ಕಟ್ಟುವ ದಿನ ಪರದಾಟ ಇರದು.

ಮನೆಗೆ ಬಂದ ಮೇಲೆ ಕೆಲವು ವಾರ ಭಾರ ಎತ್ತುವಂತಿಲ್ಲ. ವ್ಯಾಯಾಮ ಮತ್ತೆ ತಿಂಗಳುಗಟ್ಟಲೆ. ನಿತ್ಯದ ಪಾತ್ರೆ, ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಇಳಿಸಿಟ್ಟುಕೊಳ್ಳಬೇಕು. ತಲೆಯ ಮೇಲಿಂದ ತೊಡುವ ಬನಿಯನ್ನಿಗಿಂತ ಮುಂದೆ ಗುಂಡಿ ಇರುವ ಅಂಗಿ ಸಲೀಸು. ತಿರುವನಂತಪುರದಿಂದ ವಾಪಸು ಬರುವ ರೈಲಿನಲ್ಲಿ ಕೆಳಗಿನ ಬರ್ತ್ ಕಾದಿರಿಸಿ, ಚೀಲ ಹೊರಲು ಒಬ್ಬರನ್ನು ಜತೆಗಿಟ್ಟುಕೊಳ್ಳುವುದು ಒಳ್ಳೆಯದು.