ಎಂ.ಎ. ಮನಃಶಾಸ್ತ್ರದಲ್ಲಿ ಇತಿಹಾಸದ ಪತ್ರಿಕೆ: ಎಲ್ಲಿ ಓದಬೇಕು, ಹೇಗೆ ದಾಟಬೇಕು?

ಮನಃಶಾಸ್ತ್ರದಲ್ಲಿ ಎಂ.ಎ. ಮಾಡಲು ಹೊರಟವರು ಕನಸು, ನೆನಪು, ಕೌನ್ಸೆಲಿಂಗ್ ಎಂದೆಲ್ಲ ಆಸೆ ಇಟ್ಟುಕೊಂಡಿರುತ್ತಾರೆ. ತರಗತಿಯಲ್ಲಿ ಎದುರಾಗುವುದು ವುಂಟ್, ಟಿಚ್ನರ್, ವಾಟ್ಸನ್. ಜನರ ಕಷ್ಟ ಕೇಳಲು ಬಂದ ನನಗೆ ಈ ಹಳೇ ಕತೆ ಯಾಕೆ ಎಂದು ನಿಮಗೂ ಅನಿಸಬಹುದು. ಆದರೆ ತಪ್ಪಿಸಿಕೊಳ್ಳುವಂತಿಲ್ಲ.

ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದು ‘ಸಿಸ್ಟಮ್ಸ್ ಅಂಡ್ ಥಿಯರೀಸ್’ (ಪಂಥಗಳು ಮತ್ತು ಸಿದ್ಧಾಂತಗಳು) ಎಂಬ ಪ್ರತ್ಯೇಕ ಪತ್ರಿಕೆ. ಕೆಲವೆಡೆ ಬೇರೆ ಪತ್ರಿಕೆಗಳ ಒಳಗೆ ಹಂಚಿಹೋಗಿರುತ್ತದೆ. ಮುಂದೆ ಅಧ್ಯಾಪಕರಾಗಲು ಯುಜಿಸಿ ನೆಟ್ ಬರೆದರೆ, ಅಲ್ಲಿನ ಹತ್ತು ಘಟಕಗಳಲ್ಲಿ ಮೊದಲನೆಯದೇ ಮನಃಶಾಸ್ತ್ರದ ಉಗಮ.

ಓದುವುದು ಹೇಗೆ? ಇಸವಿಗಳನ್ನು ಉರು ಹೊಡೆಯಬೇಡಿ. ಯಾರು ಯಾರ ಜೊತೆ ಜಗಳಕ್ಕಿಳಿದರು ಎಂಬುದನ್ನು ಹಿಡಿಯಿರಿ, ಉಳಿದದ್ದು ತಾನಾಗಿ ಕೂರುತ್ತದೆ. 1879ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದ. ಸಂಗೀತಗಾರರು ಲಯಕ್ಕೆ ಇಟ್ಟುಕೊಳ್ಳುವ ಮೆಟ್ರೊನೋಮ್ ಯಂತ್ರದ ಟಿಕ್ ಟಿಕ್ ಕೇಳುತ್ತ ತನ್ನೊಳಗೆ ಏನಾಗುತ್ತದೆಂದು ಗಮನಿಸಿದ. ಮುಂದಿನ ಸದ್ದಿಗೆ ಕಾಯುವಾಗ ಒಂದು ಬಿಗಿತ, ಸದ್ದು ಬಂದ ಮೇಲೆ ಸಡಿಲಿಕೆ. ಹೀಗೆ ಒಳಗೆ ನೋಡಿಕೊಳ್ಳುವುದೇ ಇಂಟ್ರೊಸ್ಪೆಕ್ಷನ್, ಅಂತರವಲೋಕನ. ಶಿಷ್ಯ ಟಿಚ್ನರ್ ಇದನ್ನು ಅಮೆರಿಕಕ್ಕೆ ಒಯ್ದು ಮನಸ್ಸಿನ ಬಿಡಿಭಾಗಗಳ ಪಟ್ಟಿ ಮಾಡಲು ಕೂತ. ಅದು ರಚನಾವಾದ. ಭಾಗಗಳಿರಲಿ, ಮನಸ್ಸಿನಿಂದ ಉಪಯೋಗವೇನು ಎಂದು ಕೇಳಿದವರು ವಿಲಿಯಂ ಜೇಮ್ಸ್ ದಾರಿಯ ಕಾರ್ಯವಾದಿಗಳು. ಬಿಡಿಸುತ್ತ ಹೋದರೆ ಇಡಿಯೇ ಕೈತಪ್ಪುತ್ತದೆ ಎಂದವರು ಗೆಸ್ಟಾಲ್ಟ್ ಪಂಥದವರು. ನಿನ್ನೊಳಗೆ ನೀನೊಬ್ಬನೇ ಕಂಡದ್ದು ವಿಜ್ಞಾನ ಹೇಗಾದೀತು, ಹೊರಗೆ ಕಾಣುವ ವರ್ತನೆಯನ್ನು ಅಳೆಯೋಣ ಎಂದು 1913ರಲ್ಲಿ ವಾಟ್ಸನ್ ಎದ್ದುನಿಂತ. ಅದು ವರ್ತನಾವಾದ. ಪರೀಕ್ಷೆಯ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಈ ಜಗಳಗಳ ಸುತ್ತಲೇ ಇರುತ್ತದೆ.

ನಮ್ಮ ದೇಶದ ಭಾಗವನ್ನು ವಿದ್ಯಾರ್ಥಿಗಳು ಕೊನೆಗೆ ತಳ್ಳುತ್ತಾರೆ. ನನ್ನ ಪ್ರಕಾರ ಅದನ್ನೇ ಮೊದಲು ಓದಬೇಕು. 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ವಿಭಾಗ ಕಟ್ಟಿದ ಎನ್.ಎನ್. ಸೇನ್‌ಗುಪ್ತ ಹಾರ್ವರ್ಡ್‌ನಲ್ಲಿ ಮುನ್‌ಸ್ಟರ್‌ಬರ್ಗ್ ಬಳಿ ಕಲಿತವರು. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ವಿಭಾಗ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಲಂಡನ್‌ನಲ್ಲಿ ಸ್ಪಿಯರ್‌ಮನ್ ಶಿಷ್ಯರು. ಮುನ್‌ಸ್ಟರ್‌ಬರ್ಗ್, ಸ್ಪಿಯರ್‌ಮನ್ ಇಬ್ಬರೂ ವುಂಟ್‌ನ ಬಳಿ ಓದಿದವರೇ. ಲೈಪ್ಸಿಗ್‌ನಿಂದ ಮೈಸೂರಿಗೆ ಎರಡೇ ಹೆಜ್ಜೆ! ನೆಟ್ ಪಠ್ಯದಲ್ಲಿ ಭಗವದ್ಗೀತೆ, ಬೌದ್ಧ, ಸೂಫಿ ಚಿಂತನೆಗಳೂ ಇವೆ. ಅವನ್ನು ಕನ್ನಡದಲ್ಲೇ ಓದಿ ಅರ್ಥಮಾಡಿಕೊಳ್ಳಬಹುದು. ಆದರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಆದ್ದರಿಂದ ಇಂಗ್ಲಿಷ್ ಪದಗಳನ್ನು ಪಕ್ಕದಲ್ಲೇ ಬರೆದುಕೊಳ್ಳಿ.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡಬಹುದಲ್ಲ? ಮೊದಲು ನಮ್ಮ ಬಳ್ಳಾರಿ-ವಿಜಯನಗರ ಭಾಗದ ಹೊಸಪೇಟೆ, ಕಂಪ್ಲಿಯ ಉದ್ಯೋಗಸ್ಥರಿಗೆ ಇಗ್ನೋ ಎಂ.ಎ. ಒಳ್ಳೆಯ ದಾರಿಯಾಗಿತ್ತು. ಆದರೆ 2025ರ ಜುಲೈ-ಆಗಸ್ಟ್ ಅವಧಿಯಿಂದ ಮನಃಶಾಸ್ತ್ರಕ್ಕೆ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ ಆದೇಶಿಸಿದೆ. ಆನ್‌ಲೈನ್ ಪದವಿ ಕೊಡಿಸುತ್ತೇವೆ ಎನ್ನುವ ಏಜೆಂಟರಿಗೆ ದುಡ್ಡು ಕಟ್ಟುವ ಮುನ್ನ ಇದನ್ನು ನೆನಪಿಡಿ.

ಉಳಿದದ್ದು ರೆಗ್ಯುಲರ್ ತರಗತಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಮತ್ತು ಸಂಡೂರು ನಂದಿಹಳ್ಳಿಯ ಅದರ ಸ್ನಾತಕೋತ್ತರ ಕೇಂದ್ರದಲ್ಲಿ ನೀವು ಸೇರುವ ವರ್ಷದ ಅಧಿಸೂಚನೆಯನ್ನು ಮೊದಲು ನೋಡಿ. ಅಲ್ಲಿ ಸಿಗದಿದ್ದರೆ ಧಾರವಾಡ, ಕಲಬುರಗಿ, ಮೈಸೂರು. ಮೈಸೂರಿಗಾದರೆ ಹೊಸಪೇಟೆಯಿಂದಲೇ ಹಂಪಿ ಎಕ್ಸ್‌ಪ್ರೆಸ್ ಇದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಪದವಿಯಲ್ಲಿ ಮನಃಶಾಸ್ತ್ರ ಓದಿರಲೇಬೇಕೆಂಬ ನಿಯಮ ಹಲವೆಡೆ ಇರುತ್ತದೆ, ಅದನ್ನೂ ಗಮನಿಸಿ. 371(ಜೆ) ಮೀಸಲಾತಿ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಶೇ 70, ಹೊರಗೆ ಶೇ 8 ಸೀಟು ಈ ಭಾಗದವರಿಗಿದೆ. ವಿಜಯನಗರ ಜಿಲ್ಲೆ ಬೇರೆಯಾದ ಮೇಲೂ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಸೌಲಭ್ಯ ಎರಡೂ ಜಿಲ್ಲೆಗಿದೆ.

ಈ ಪತ್ರಿಕೆಗೆಂದು ಹೆಚ್ಚು ಖರ್ಚಿಲ್ಲ. ಇಗ್ನೋದ ಪಠ್ಯಗಳು ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತ. ಷುಲ್ಟ್ಸ್ ದಂಪತಿಯ ‘ಎ ಹಿಸ್ಟರಿ ಆಫ್ ಮಾಡರ್ನ್ ಸೈಕಾಲಜಿ’ ಒಂದಿದ್ದರೆ ಸಾಕು. ಹಳೆಯ ಆವೃತ್ತಿಯಾದರೂ ನಡೆಯುತ್ತದೆ. 2025ರಲ್ಲಿ ನೆಟ್ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 1,150 ರೂ., ಹಿಂದುಳಿದ ವರ್ಗಕ್ಕೆ 600, ಪರಿಶಿಷ್ಟರಿಗೆ 325 ಇತ್ತು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಅಮೆರಿಕದಲ್ಲಿ ಪಿಎಚ್.ಡಿ. ಮಾಡುವ ಆಸೆಯಿದ್ದವರಿಗೆ ಇನ್ನೊಂದು ಮಾತು. ಅಲ್ಲಿನ ಮನಃಶಾಸ್ತ್ರ ಸಂಘ, ಎಪಿಎ, ಮಾನ್ಯತೆ ಕೊಡುವ ಕ್ಲಿನಿಕಲ್ ಕೋರ್ಸ್‌ಗಳಿಗೆ ಈ ಇತಿಹಾಸ ಕಡ್ಡಾಯ. ಮೊದಲೇ ಓದಿದ್ದರೆ ಪರಿಗಣಿಸಲೂಬಹುದು, ಆದರೆ ಏನು ಓದಿದಿರಿ ಎಂದು ತೋರಿಸಬೇಕು. ಅಂಕಪಟ್ಟಿಯಲ್ಲಿ ಪತ್ರಿಕೆಯ ಹೆಸರಷ್ಟೇ ಇರುತ್ತದೆ. ಹಾಗಾಗಿ ಪೂರ್ಣ ಪಠ್ಯಕ್ರಮಕ್ಕೆ ವಿಭಾಗದ ಮುಖ್ಯಸ್ಥರ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಒಂದು ಮುದ್ರೆಗಾಗಿ ಮತ್ತೆ ಧಾರವಾಡದ ಬಸ್ ಹತ್ತುವ ಬದಲು, ಕೊನೆಯ ಸೆಮಿಸ್ಟರ್ ಮುಗಿಯುವ ಮೊದಲೇ ಈ ಕೆಲಸ ಮಾಡಿಬಿಡಿ.